ಗೋವಿಂದಮ್ಮನ ಗದ್ದೆಗೆ ರಾಜ ಇಳಿದದ್ದು

ನಾನು ಒಮ್ಮೆ ಥರ್ಮಾಕೋಲಿಗೆ ಕೈ ಮುಗಿದಿದ್ದೇನೆ. ಬರೀ ಕೈ ಮುಗಿದದ್ದಲ್ಲ, ಚಪ್ಪಲಿ ಬಿಟ್ಟು, ಹಣೆ ಒತ್ತಿ, ಕಣ್ಣಲ್ಲಿ ನೀರು ತಂದುಕೊಂಡು ಮುಗಿದಿದ್ದೇನೆ.

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನಾನು ಪ್ಯಾಕಿಂಗ್ ಸೆಕ್ಷನ್ನಿನ ಕಾಂಟ್ರಾಕ್ಟ್ ನೌಕರ. ಡಬ್ಬಿ ಬರುತ್ತದೆ, ಟೇಪು ಅಂಟಿಸುತ್ತೇನೆ, ಡಬ್ಬಿ ಹೋಗುತ್ತದೆ. ಒಳಗೇನಿದೆ ಅಂತ ಯಾರಾದರೂ ಕೇಳಿದರೆ ಸೂಪರ್‌ವೈಸರನ್ನು ತೋರಿಸುತ್ತೇನೆ. ಆ ವಾರ ಪೂರ್ತಿ ನೈಟ್ ಶಿಫ್ಟು ಇದ್ದದ್ದರಿಂದ ಗೆಳೆಯನ ರೂಮಿನಲ್ಲೇ ಉಳಿದಿದ್ದೆ. ಶಿಫ್ಟು ಮುಗಿದು, ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಕುಟ್ಟಿಸಿಕೊಳ್ಳುತ್ತಾ ಹೆಮ್ಮರಗಾಲಕ್ಕೆ ಬರುತ್ತಿದ್ದೆ. ಇನ್ನೇನು ಊರು ಬಂತು ಅನ್ನುವಾಗ ಕಣ್ಣು ಬಿಟ್ಟರೆ, ಹೋದ ವಾರ ಬರೀ ಎಮ್ಮೆ ಮೇಯುತ್ತಿದ್ದ ದಿಣ್ಣೆಯ ಮೇಲೆ ಕೋಟೆಯೊಂದು ನಿಂತಿದೆ. ಬುರುಜು, ಹೆಬ್ಬಾಗಿಲು, ಕಲ್ಲಿನ ಸಂದಿಯಲ್ಲಿ ಹುಲ್ಲು, ಎಲ್ಲ ಇದೆ.

ನಿದ್ದೆಗೆಟ್ಟ ತಲೆ ಬಲು ವೇಗವಾಗಿ ಓಡುತ್ತದೆ, ದಾರಿ ಮಾತ್ರ ನೋಡುವುದಿಲ್ಲ. ಪುರಾತತ್ವ ಇಲಾಖೆಯವರು ಬಂದು ಅಗೆದು ತೆಗೆದಿದ್ದಾರೆ ಅಂತ ತೀರ್ಮಾನ ಮಾಡಿದೆ. ಬಸ್ಸಿನಿಂದ ಇಳಿದು ಫೋಟೋ ತೆಗೆದು, 'ನಮ್ಮ ಪೂರ್ವಜರ ಕೋಟೆ. ಶೌರ್ಯ ನಮ್ಮ ರಕ್ತದಲ್ಲೇ ಇದೆ' ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಆಮೇಲೆ ಹೋಗಿ ಗೋಡೆಗೆ ಹಣೆ ಒತ್ತಿದೆ. ಪೂರ್ವಜರ ಗೋಡೆ ಹಿಂದಕ್ಕೆ ಬಾಗಿತು. ಮೇಲಿಂದ ಬ್ರಷ್ಷು ಹಿಡಿದವನೊಬ್ಬ ಇಣುಕಿ, "ಸಾ, ಒದ್ದೆ ಬಣ್ಣ ಸಾ, ಮುಟ್ಬೇಡಿ," ಅಂದ.

ಸ್ಟೇಟಸ್ ಅಳಿಸಿದೆ. ಅಷ್ಟರಲ್ಲಿ ಪ್ಯಾಕಿಂಗ್ ಸೆಕ್ಷನ್ನಿನವರು ಸ್ಕ್ರೀನ್‌ಶಾಟ್ ತೆಗೆದಿದ್ದರು. ಇವತ್ತಿಗೂ ನನ್ನನ್ನು ಅಲ್ಲಿ 'ಪಾಳೇಗಾರ್ರೇ, ಸ್ವಲ್ಪ ಟೇಪು ಕೊಡಿ' ಅಂತಲೇ ಕರೆಯುತ್ತಾರೆ.

ಹಣೆ ತುಂಬ ಕೆಮ್ಮಣ್ಣು ಬಣ್ಣ ಮೆತ್ತಿಕೊಂಡು ನಾನು ಮೊದಲು ಸಿಕ್ಕಿಬಿದ್ದದ್ದು ದೊಡ್ಡವ್ವನ ಕೈಗೆ. ದೊಡ್ಡವ್ವ ಅಂದರೆ ಗೋವಿಂದಮ್ಮ, ನನ್ನ ಅವ್ವನ ಅಕ್ಕ. ಗದ್ದೆ ಬದುವಿನ ಮೇಲೆ ನಿಂತು ನಾಲೆ ನೀರು ನೋಡುತ್ತಿದ್ದವಳು ನನ್ನ ಕಥೆ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ನಿಂತ ಮೇಲೆ, "ನಿಮ್ಮಜ್ಜ ದನ ಕಾಯ್ತಿದ್ದ ದಿಣ್ಣೆ ಕಣ್ಲಾ ಅದು. ಅವನಿಗೆ ಕ್ವಾಟೆ ಇದ್ದಿದ್ರೆ ದನ ಯಾಕ್ ಕಾಯ್ತಿದ್ದ?" ಅಂದಳು.

ಆಮೇಲೆ ತಿಳಿಯಿತು, ಸಿನಿಮಾದವರು ಬಂದಿದ್ದಾರೆ. ಅವರ ಸಿನಿಮಾದ ಕಥೆ ಹೀಗೆ: ಮೈಸೂರಿನಲ್ಲಿ ದೋಸೆ ಹೋಟೆಲು ಇಟ್ಟಿರುವ ಒಂದು ಕುಟುಂಬ. ಅವರು ಹೊಸ ಗ್ರೈಂಡರ್ ತರುತ್ತಾರೆ. ವೈರು ಅದಲು ಬದಲಾಗಿ ಗ್ರೈಂಡರ್ ಹಿಂದುಮುಂದಾಗಿ ತಿರುಗುತ್ತದೆ. ಗಂಡ, ಹೆಂಡತಿ, ಅಜ್ಜಿ, ಮಕ್ಕಳು, ಹಿಟ್ಟಿನ ಪಾತ್ರೆ ಸಮೇತ ಪಾಳೇಗಾರರ ಕಾಲಕ್ಕಿಂತಲೂ ಹಿಂದೆ ಹೋಗಿ ಬೀಳುತ್ತಾರೆ. ಅಲ್ಲಿನ ರಾಜನಿಗೆ ದೋಸೆಯ ಚಟ ಹತ್ತುತ್ತದೆ, ಇವರನ್ನು ವಾಪಸ್ಸು ಬಿಡುವುದಿಲ್ಲ ಅಂತಾನೆ. ಮನೆಮಂದಿಯೆಲ್ಲ ಕೂತು ನಗುವ ಸಿನಿಮಾ ಅಂತೆ. ನಮ್ಮೂರು ಆ ಹಿಂದಿನ ಕಾಲದ ಊರು. ನಮ್ಮನ್ನು ಆರಿಸಿದ್ದು ಹೊಗಳಿಕೆಯೋ ಬೈಗುಳವೋ ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಹೆಂಗಸರಿಗೆಲ್ಲ ಕೂಲಿ, ತಿಂಡಿ, ಮಧ್ಯಾಹ್ನಕ್ಕೆ ಪಲಾವು ಕೊಡುತ್ತಾರೆ ಅನ್ನುವ ಸುದ್ದಿ ಜೊತೆಗೇ ಬಂದಿತ್ತು.

ಗೋವಿಂದಮ್ಮನಿಗೆ ತಾಪತ್ರಯ ಶುರುವಾದದ್ದು ಆ ಪಲಾವಿನಿಂದಲೇ. ಅದು ಗೊತ್ತಾಗಬೇಕಾದರೆ ಅವಳ ಬಗ್ಗೆ ಸ್ವಲ್ಪ ಹೇಳಬೇಕು.

ಅವಳ ತವರು ತಿ. ನರಸೀಪುರದ ಕಡೆ, ಹೊಳೆ ದಂಡೆಯ ಊರು. ಮದುವೆಯಾಗಿ ಇಲ್ಲಿಗೆ ಬಂದಾಗ ತಂದದ್ದು ಒಂದು ಟ್ರಂಕು, ಮುಂಗೈ ತುಂಬ ಹಚ್ಚೆ, ಮತ್ತೆ ನಾಟಿ ಹಾಕುವ ಕೈ. ಗಂಡ ಪುಟ್ಟಬಸವಯ್ಯ, ನನಗೆ ದೊಡ್ಡಪ್ಪ, ಮಾತು ಕಮ್ಮಿ. ಮನೆಯಲ್ಲಿ ಇಬ್ಬರ ಮಾತೂ ಅವಳೇ ಆಡುತ್ತಾಳೆ. ಬುದ್ಧನ ಫೋಟೋ ಗೋಡೆಗೆ ಬಂದದ್ದು, ಮಗಳಿಗೆ ಯಶೋಧರಾ ಅಂತ ಹೆಸರಿಟ್ಟದ್ದು ದೊಡ್ಡಪ್ಪನಿಂದ. ಬುದ್ಧನ ಪಕ್ಕದಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ನಂಜುಂಡೇಶ್ವರನ ಕ್ಯಾಲೆಂಡರ್ ಇರುವುದು ಅವಳಿಂದ. ಇಬ್ಬರಿಗೂ ಸೇರಿ ಒಂದೇ ಊದುಬತ್ತಿ. ಯಶೋಧರಾ ಈಗ ನರಸೀಪುರದಲ್ಲಿ ನರ್ಸು.

ಗೋವಿಂದಮ್ಮನ ಧರ್ಮ ಮಾತ್ರ ಬೇರೆ. ಅದರ ಹೆಸರು ಮುಯ್ಯಿ. ನಿಮ್ಮ ಗದ್ದೆಗೆ ನಾನು ನಾಟಿಗೆ ಬಂದರೆ ನನ್ನ ಗದ್ದೆಗೆ ನೀವು ಬರಬೇಕು. ಮಧ್ಯದಲ್ಲಿ ದುಡ್ಡಿನ ಮಾತಿಲ್ಲ. ಯಾರ ಗದ್ದೆಯಲ್ಲಿ ನಾಟಿಯೋ ಅವರ ಮನೆಯ ಊಟ. ಇದು ಈ ಕಡೆ ಎಲ್ಲರಿಗೂ ಗೊತ್ತಿರುವುದೇ, ಆದರೆ ಗೋವಿಂದಮ್ಮ ಅದನ್ನು ಗದ್ದೆಯಿಂದ ಎತ್ತಿ ಇಡೀ ಲೋಕಕ್ಕೆ ಹಚ್ಚಿದ್ದಳು. ಬಸ್ಸಿನಲ್ಲಿ ಕಂಡಕ್ಟರೊಬ್ಬ ಒಮ್ಮೆ ತನ್ನ ಸೀಟು ಬಿಟ್ಟುಕೊಟ್ಟ. ಅವತ್ತಿನಿಂದ ಆ ಬಸ್ಸು ಬಂದಾಗಲೆಲ್ಲ ಅವನಿಗೆ ಬೇಯಿಸಿದ ಕಡಲೆಕಾಯಿ. ನಂಜನಗೂಡಿನಲ್ಲಿ ಒಬ್ಬ ಡಾಕ್ಟರು ನೋವಾಗದಂತೆ ಹಲ್ಲು ಕಿತ್ತ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವನ ಗದ್ದೆ ಎಲ್ಲಿದೆ, ನಾಟಿ ಯಾವಾಗ ಅಂತ ವಿಚಾರಿಸಿದಳು. ಡಾಕ್ಟರಿಗೆ ಗದ್ದೆಯೇ ಇಲ್ಲ ಅಂತ ತಿಳಿದು, ಹಿಂಗೆ ಒಂದು ಮಡಿಯೂ ಇಲ್ಲದ ಬಡವನ ಹತ್ತಿರ ಕೆಲಸ ಮಾಡಿಸಿಕೊಂಡೆನಲ್ಲ ಅಂತ ವಾರವೆಲ್ಲ ಪೇಚಾಡಿದಳು.

ಈ ಮುಯ್ಯಿಗೆ ಅವಳದೇ ಒಂದು ಕಟ್ಟುಪಾಡು ಇತ್ತು. ಮುಯ್ಯಿಯನ್ನು ಒಪ್ಪುವಾಗ ಬಾಯಿ ಬಿಟ್ಟು ಹೇಳಬೇಕು, ತೀರಿಸುವಾಗ ಮಾತ್ರ ಯಾರೂ ಕೇಳಬಾರದು. ಕೇಳಿ ಕರೆಸಿಕೊಂಡರೆ ಅದು ಕೂಲಿಯಾಗುತ್ತದೆ ಅನ್ನುತ್ತಿದ್ದಳು.

ನಾಲೆ ಕೆಳಗೆ ಅವಳಿಗೊಂದು ಗದ್ದೆ. ದೊಡ್ಡದೇನಲ್ಲ, ಈ ಬದುವಿನಲ್ಲಿ ಕೆಮ್ಮಿದರೆ ಆ ಬದುವಿನವರು 'ಶುಂಠಿ ಕಷಾಯ ಕುಡಿ' ಅಂತಾರೆ. ಆದರೆ ಪಹಣಿಯಲ್ಲಿ ಗೋವಿಂದಮ್ಮ ಅಂತಿದೆ. ಅವಳ ಅವ್ವ, ಅವ್ವನ ಅವ್ವ, ಎಲ್ಲರೂ ಜನ್ಮವಿಡೀ ನಾಟಿ ಹಾಕಿದ್ದು ಇನ್ನೊಬ್ಬರ ಗದ್ದೆಯಲ್ಲಿ. ಅದಕ್ಕೋ ಏನೋ, ಅವಳು ಪ್ರತಿ ವರ್ಷ ಎಲ್ಲರ ಗದ್ದೆ ಮುಗಿಸಿ ತನ್ನದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಚೆನ್ನಾಗಿರುವುದನ್ನು ಕೊನೆಗೆ ತಿನ್ನುವ ಮಕ್ಕಳ ಹಾಗೆ.

ಆ ವರ್ಷವೂ ಹಾಗೇ ಮಾಡಿದಳು. ಕೇರಿಯ ಹೆಂಗಸರ ಗದ್ದೆಗೆಲ್ಲ ಇಳಿದು ಬಂದಿದ್ದಳು. ಇನ್ನು ಅವರೆಲ್ಲ ಇವಳ ಗದ್ದೆಗೆ ಬರಬೇಕು. ಗದ್ದೆ ಉತ್ತು, ಮಟ್ಟ ಹೊಡೆದು, ಕೆಸರು ಹದವಾಗಿ ಕೂತಿತ್ತು. ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಜ್ಯೋತಿ ಭತ್ತದ ಪೈರು ಹಸಿರು ಹಾಸಿದ ಹಾಗೆ ಎದ್ದಿತ್ತು. ಆಗಲೇ ಕೋಟೆ ಬಂತು.

ಹೆಂಗಸರೆಲ್ಲ ಸಿನಿಮಾಕ್ಕೆ ಹೋದರು. ಮುಂಚೂಣಿಯಲ್ಲಿ ರಾಚಮ್ಮ, ಗೋವಿಂದಮ್ಮನ ಪಕ್ಕದ ಮನೆಯವಳು, ಮೂವತ್ತು ವರ್ಷದಿಂದ ಗೆಳತಿ. ಯಾರೂ ಬರುವುದಿಲ್ಲ ಅನ್ನಲಿಲ್ಲ. 'ಶೂಟಿಂಗು ಮುಗೀಲಿ ಅಕ್ಕ' ಅಂದರು. ಆದರೆ ಪೈರು ಶೂಟಿಂಗು ಮುಗಿಯುವವರೆಗೆ ಕಾಯುವುದಿಲ್ಲ. ಒಟ್ಲಿನಲ್ಲೇ ಬಲಿತು ಗೆಣ್ಣು ಬಿಟ್ಟರೆ ಆಮೇಲೆ ನೆಟ್ಟರೂ ತೆಂಡೆ ಒಡೆಯುವುದಿಲ್ಲ, ಬುಡದಿಂದ ಹೊಸ ಕವಲು ಬರುವುದಿಲ್ಲ. ನಾಲೆ ನೀರೂ ಸರದಿಯದು. ಇನ್ನು ಸ್ವಲ್ಪ ದಿನಕ್ಕೆ ನಿಲ್ಲಿಸುತ್ತಾರೆ. ಈಗ ತಪ್ಪಿದರೆ ಆ ಮನೆಗೆ ವರ್ಷದ ಅಕ್ಕಿ ತಪ್ಪಿತು. ನಾನು ಹೋಗಿ ರಾಚಮ್ಮನನ್ನು ಕೇಳಲಾ ಅಂದೆ. ಕೇಳಿದರೆ ಕಾಲು ಮುರೀತೀನಿ ಅಂದಳು ದೊಡ್ಡವ್ವ.

ಕೇಳಬಾರದು, ಸರಿ. ನೋಡಿ ಬರಬಹುದಲ್ಲ. ಮಾರನೆಯ ದಿನ, ಎಮ್ಮೆ ಹುಡುಕುವ ನೆಪದಲ್ಲಿ, ಎಮ್ಮೆ ಕೊಟ್ಟಿಗೆಯಲ್ಲೇ ಇದ್ದರೂ, ದಿಣ್ಣೆ ಹತ್ತಿದಳು. ನಾನೂ ಹಿಂದೆ ಹೋದೆ. ಅಲ್ಲಿ ನಿರ್ದೇಶಕಿ ಸುನೀತಾ ಕೊಡೆ ಕೆಳಗೆ ಕೂತಿದ್ದರು; ಮೈಸೂರಿನವರು, ಚಿಕ್ಕ ವಯಸ್ಸು, ಯಾವಾಗಲೂ ನಿದ್ದೆ ಸಾಲದ ಮುಖ, ನನ್ನ ಹಾಗೆ. ದೊಡ್ಡವ್ವನ ಹಚ್ಚೆಯ ಕೈ, ಬೆಳ್ಳಿ ಕೂದಲು ನೋಡಿದವರೇ ಎದ್ದು ನಿಂತರು. ಹಿಂದಿನ ಕಾಲಕ್ಕೆ ಬಂದು ಬಿದ್ದ ಕುಟುಂಬಕ್ಕೆ ಮೊದಲು ಎದುರಾಗುವ ಬಾವಿಕಟ್ಟೆಯ ಅಜ್ಜಿ ಬೇಕಿತ್ತಂತೆ, ಊರೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲವಂತೆ.

ದೊಡ್ಡವ್ವ ಆಗಲ್ಲ ಅಂದಳು. ಅವರು ಕೂಲಿ ಹೆಚ್ಚಿಸಿದರು. ಅವಳು ಬೇಡ ಅಂತ ತಲೆಯಾಡಿಸಿದಳು. ಆಮೇಲೆ ಬಂಡೆಯ ಮರೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ತನ್ನ ನಾಟಿಯ ಹೆಂಗಸರನ್ನೆಲ್ಲ ಒಂದು ಸಲ ನೋಡಿದಳು. ಬರ್ಜಿ ಹಿಡಿದು ನಿಂತಿದ್ದ ಸೈನಿಕರನ್ನು, ಲೈಟಿನವರನ್ನು, ಅಡಿಗೆಯವರನ್ನು ನೋಡಿದಳು. ಇಷ್ಟೊಂದು ಕೈ.

"ನೋಡು ತಾಯಿ," ಅಂದಳು. "ಕೂಲಿ ಬ್ಯಾಡ ನಂಗೆ. ನಾನು ನಿಮ್ಗೆ ಬತ್ತೀನಿ, ನೀವು ನನ್ನ ಗದ್ದೆಗೆ ಬರಬೇಕು. ನಮ್ಮ ಕಡೆ ಅಂಗೇ."

ಸುನೀತಾ ಪಕ್ಕದಲ್ಲಿದ್ದ ಮ್ಯಾನೇಜರ್ ನಂಜುಂಡೇಶನ ಮುಖ ನೋಡಿದರು. ನಂಜುಂಡೇಶ ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುವ ಮನುಷ್ಯ. ಒಂದನ್ನು ಎದೆಗೆ ಒತ್ತಿಕೊಂಡು, "ಆಯ್ತಮ್ಮ, ಬರ್ತೀವಿ ಬಿಡಿ. ಇಡೀ ಯೂನಿಟ್ಟೇ ಬರುತ್ತೆ," ಅಂದ.

ಈ 'ಬರ್ತೀವಿ ಬಿಡಿ' ಅನ್ನುವುದಿದೆಯಲ್ಲ, ಅದು ಸಿನಿಮಾದವರ ಬಾಯಲ್ಲಿ 'ಈಗ ಹೊರಡಿ' ಅಂತ. ನಮ್ಮ ನಾಲೆ ಕೆಳಗೆ ಅದನ್ನು ಹೇಳಿದವನಿಗೆ ಅವತ್ತೇ ಅಕ್ಕಿ ನೆನೆ ಹಾಕುತ್ತಾರೆ. ದೊಡ್ಡವ್ವ, ನಂಜುಂಡೇಶ ಇಬ್ಬರೂ ಸಂತೋಷವಾಗಿ ತಲೆಯಾಡಿಸಿದರು. ನನಗೆ ಅನುಮಾನ ಬಂದಿತ್ತು. ಆದರೆ ಅಷ್ಟರಲ್ಲಿ ನನ್ನನ್ನೂ ಯಾರೋ ಕಾವಲುಗಾರನ ಪಾತ್ರಕ್ಕೆ ಕರೆದು ತಲೆಗೆ ಪೇಟ ಸುತ್ತುತ್ತಿದ್ದರು. ಪೇಟ ಸುತ್ತಿಸಿಕೊಳ್ಳುವವನಿಗೆ ಅನುಮಾನ ಬಹಳ ಹೊತ್ತು ಉಳಿಯುವುದಿಲ್ಲ.

ಶೂಟಿಂಗು ನಡೆಯಿತು. ಹಿಂದಿನ ಕಾಲ ಅಂತ ಹೆಂಗಸರ ಸೇಫ್ಟಿ ಪಿನ್ನು, ಪ್ಲಾಸ್ಟಿಕ್ ಬಳೆ ತೆಗೆಸಿದರು. ಮೊಬೈಲ್ ಕೊಟ್ಟಿದ್ದೇನೆ ಅಂದ ರಾಚಮ್ಮನ ಸೊಂಟದಿಂದ, ರಾಜನ ಆಸ್ಥಾನದಲ್ಲಿ ಭಾರೀ ಮೌನವಿದ್ದಾಗ, ರಿಂಗ್ ಬಂತು. ಅವಳೇ ಇನ್ನೊಂದು ದಿನ, ದಿಣ್ಣೆಯ ಮೇಲೆ ಬಿಸಿಲು ಚೆನ್ನಾಗಿದೆ, ಎರಡೂ ಕೆಲಸ ಆಗಲಿ ಅಂತ, ಕೋಟೆ ಮುಂದೆ ಒಣಮೆಣಸಿನಕಾಯಿ ಹರವಿದಳು. ಸುನೀತಾ ತಲೆ ಮೇಲೆ ಕೈ ಹೊತ್ತು, ಆ ಕಾಲದಲ್ಲಿ ಈ ದೇಶಕ್ಕೆ ಮೆಣಸಿನಕಾಯಿಯೇ ಬಂದಿರಲಿಲ್ಲ ಅಂತ ವಿವರಿಸಿದರು. ಹೆಂಗಸರೆಲ್ಲ ಬಲು ಮರುಗಿದರು. ಮತ್ತೆ ಸಾರಿಗೆ ಏನು ಹಾಕುತ್ತಿದ್ದರು ಅನ್ನುವ ಚರ್ಚೆ ಮಧ್ಯಾಹ್ನದವರೆಗೂ ಮುಗಿಯಲಿಲ್ಲ.

ದೊಡ್ಡವ್ವನಿಗೆ ಕೊಟ್ಟದ್ದು ಒಂದೇ ಮಾತು. ಬಾವಿಯಿಂದ ನೀರು ಸೇದಿ ಆ ಕುಟುಂಬಕ್ಕೆ ಕುಡಿಸಿ, 'ಯಾವೂರಪ್ಪ ನಿಮ್ದು?' ಅನ್ನಬೇಕು. ಅವಳು ಪ್ರತಿ ಸಲವೂ ಅದಾದ ಮೇಲೆ 'ಊಟ ಆಯ್ತಾ?' ಅಂತ ಸೇರಿಸುತ್ತಿದ್ದಳು. ಬೇಡ ಅಂದರೆ ಆಯ್ತು ಅಂತಿದ್ದಳು. ಕ್ಯಾಮೆರಾ ಓಡಿದರೆ ಮತ್ತೆ 'ಊಟ ಆಯ್ತಾ?' ಕೊನೆಗೆ ಸುನೀತಾ ಅದನ್ನೇ ಇಟ್ಟುಕೊಂಡರು. ಬಾವಿಯೂ ಥರ್ಮಾಕೋಲಿನದು, ಒಳಗೆ ಪ್ಲಾಸ್ಟಿಕ್ ಬಕೆಟ್ಟು. ಮೊದಲ ದಿನ ಅದರ ಕಟ್ಟೆ ಹತ್ತಿ ನಿಂತಾಗ ದೊಡ್ಡವ್ವ ಸುತ್ತ ಒಂದು ಸಲ ನೋಡಿ, ರಾಚಮ್ಮನಿಗೆ, "ನೋಡೇ, ನಮ್ಮನ್ನ ರಾಜನ ಬಾವಿ ಕಟ್ಟೆ ಮ್ಯಾಕೇ ಅತ್ತಿಸವ್ರೆ," ಅಂದಳು. ಇಬ್ಬರೂ ಯಾಕೋ ಬಹಳ ಹೊತ್ತು ನಕ್ಕರು.

ಇನ್ನೊಂದು ದಿನ ಊರವರೆಲ್ಲ ಕೋಟೆಗೆ ಕಲ್ಲು ಹೊರುವ ದೃಶ್ಯ. ಕಲ್ಲು ಹಗುರ, ಮುಖ ಭಾರ ಮಾಡಿಕೊಳ್ಳಬೇಕು. ಕಲ್ಲು ಹೊತ್ತವರಿಗೆ ರಾಜ ಏನು ಕೊಡುತ್ತಿದ್ದ ಅಂತ ದೊಡ್ಡವ್ವ ವಿಚಾರಿಸಿದಳು. ಏನೂ ಇಲ್ಲಮ್ಮ, ಬಿಟ್ಟಿ ಕೆಲಸ, ಹೊರಲೇಬೇಕಿತ್ತು ಅಂದ ನಂಜುಂಡೇಶ. ಮಧ್ಯಾಹ್ನ ಗಾಳಿ ಬಂದು ಬುರುಜೊಂದು ಉರುಳಿ ಪಲಾವಿನ ಪಾತ್ರೆ ಪಕ್ಕ ಬಿದ್ದಾಗ, "ಬಿಟ್ಟೀಲಿ ಕಟ್ಟಿದ್ದು ಇನ್ನೆಂಗಿದ್ದಾತು," ಅಂದಳು.

ಇಷ್ಟರ ನಡುವೆ ಪ್ರತಿ ಸಂಜೆ ಒಟ್ಲಿನ ಹತ್ತಿರ ಹೋಗಿ ಪೈರಿನ ಬುಡ ಒತ್ತಿ ನೋಡುತ್ತಿದ್ದಳು. ಇನ್ನೂ ಮೆತ್ತಗಿದೆ, ಇನ್ನೂ ಮೆತ್ತಗಿದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮುಖ ನೋಡಿದರೆ ಅಷ್ಟೇನೂ ಮೆತ್ತಗಿಲ್ಲ ಅಂತ ಗೊತ್ತಾಗುತ್ತಿತ್ತು. ನಾಲೆ ಸೌಡಿ, ಅಂದರೆ ನೀರು ಬಿಡುವವನು, ಈ ವಾರಕ್ಕೆ ಮುಗೀತು ಅಂತ ಹೇಳಿ ಹೋದ.

ಕೊನೆಯ ದಿನ ಬಂತು. ಬೆಳಿಗ್ಗೆ ಒಂದೆರಡು ದೃಶ್ಯ, ಆಮೇಲೆ ಗಂಟುಮೂಟೆ ಕಟ್ಟುವುದು. ದೊಡ್ಡವ್ವನ ಕೆಲಸ ಹಿಂದಿನ ದಿನವೇ ಮುಗಿದಿತ್ತು, ಇವತ್ತು ಅವರ ಸರದಿ ಅಂತ ಅವಳ ಲೆಕ್ಕ. ನನಗೆ ವಾರದ ರಜೆ. ಎದ್ದು ಹೋಗಿ ನೋಡಿದರೆ ಅವಳ ಮನೆ ಮುಂದೆ ಮೂರು ಕಲ್ಲಿನ ಒಲೆ ಹೂಡಿ, ಮದುವೆಗೆ ಬಳಸುವ ಹಂಡೆಯಲ್ಲಿ ಹುರುಳಿ ಸಾರು ಕುದಿಯುತ್ತಿದೆ. ಗುಡ್ಡೆ ಬೀಳುವಷ್ಟು ಮುದ್ದೆ. ದೊಡ್ಡಪ್ಪ ಪೈರು ಕಿತ್ತು, ಕಟ್ಟು ಕಟ್ಟಿ, ಗದ್ದೆ ತುಂಬ ಅಲ್ಲಲ್ಲಿ ಎಸೆದಿದ್ದಾನೆ. ಒಟ್ಲು ಅರ್ಧ ಬೋಳಾಗಿದೆ.

ಕಿತ್ತ ಪೈರು ಒಟ್ಲಿಗೆ ವಾಪಸ್ಸು ಹೋಗುವುದಿಲ್ಲ. ಅವರು ಬರ್ತಾರೆ ಅಂತ ಯಾರು ಹೇಳಿದರು ಅಂತ ಕೇಳಿದೆ.

"ಅವ್ರೇ ಯೋಳ್ಲಿಲ್ವಾ," ಅಂದಳು ದೊಡ್ಡವ್ವ, ಮತ್ತು ಬದುವಿನ ಮೇಲೆ ಕೂತು ದಿಣ್ಣೆಯ ಕಡೆ ನೋಡತೊಡಗಿದಳು.

ಬಿಸಿಲು ಏರಿತು. ಯಾರೂ ಬರಲಿಲ್ಲ. ಅವಳು ಏಳಲೂ ಇಲ್ಲ, ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದು ನೋಡಿ ದೊಡ್ಡಪ್ಪನಿಗೇ ಗಾಬರಿಯಾಗಿ, ಜನ್ಮದಲ್ಲಿ ಮೊದಲ ಸಲ ಅವನೇ ಬಾಯಿ ಬಿಟ್ಟು, ಹೋಗಿ ಬಾರ್ಲಾ ಅಂತ ನನಗೆ ಹೇಳಿ ತನ್ನ ಟಿವಿಎಸ್‌ನ ಕೀಲಿ ಕೊಟ್ಟ. ಕೇಳಬಾರದು ಅನ್ನುವುದು ದೊಡ್ಡವ್ವನ ಕಟ್ಟುಪಾಡು. ನನಗೂ ಅದಕ್ಕೂ ಸಂಬಂಧವಿಲ್ಲ ಅಂತ ಸಮಾಧಾನ ಮಾಡಿಕೊಂಡು ಗಾಡಿ ಒದ್ದೆ.

ದಿಣ್ಣೆಯ ಮೇಲೆ ಕೋಟೆಯನ್ನು ಮಡಿಸಿ ಲಾರಿಗೆ ತುಂಬುತ್ತಿದ್ದರು. ನಮ್ಮ ಹೆಂಗಸರು ಕೊನೆಯ ಪಲಾವಿನ ಸಾಲಿನಲ್ಲಿದ್ದರು. ನಾನು ನಂಜುಂಡೇಶನಿಗೆ ವಿಷಯ ಹೇಳಿದೆ. ಅವನಿಗೆ ಮೊದಲು ನೆನಪೇ ಆಗಲಿಲ್ಲ. ನೆನಪಾದ ಮೇಲೆ ನಕ್ಕ. ನಾಟಿ ಆಳಿನ ದುಡ್ಡು ಕೊಟ್ಟುಬಿಡೋಣ ಅಂದ. ದುಡ್ಡು ಕೊಟ್ಟರೆ ಆಳಿಲ್ಲ, ಆಳೆಲ್ಲ ನಿಮ್ಮ ಸಾಲಿನಲ್ಲೇ ನಿಂತಿದ್ದಾರೆ ಅಂದೆ. ಅಲ್ಲದೆ ಪೈರು ಕಿತ್ತಾಗಿದೆ, ಅಡಿಗೆಯೂ ಆಗಿದೆ ಅಂದೆ. ಸುನೀತಾ ಗಾಬರಿಯಾಗಿ ಗಡಿಯಾರ ನೋಡಿದರು, ಲಾರಿ ನೋಡಿದರು.

"ಯಾರ ಮುಯ್ಯಿ ಅದು?"

ಕೇಳಿದ್ದು ರಾಜ. ಕೊನೆಯ ದೃಶ್ಯ ಆಗಷ್ಟೇ ಮುಗಿಸಿ ಕಿರೀಟದಲ್ಲೇ ಟೀ ಕುಡಿಯುತ್ತಿದ್ದ. ಅವನ ನಿಜವಾದ ಹೆಸರು ಮಹಾದೇವಸ್ವಾಮಿ. ಬನ್ನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಊರ ನಾಟಕಗಳಲ್ಲಿ ರಾಜನ ಪಾರ್ಟು ಕಟ್ಟಿ ಕಟ್ಟಿ ದನಿ ದಪ್ಪವಾಗಿತ್ತು. ನಾನು ಮೊದಲಿಂದ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟ.

"ನಂಜುಂಡೇಶ್, ಇದು ತಮಾಷೆ ಅಲ್ಲ ಕಣ್ರೀ. ನಮ್ಮ ಬನ್ನೂರು ಕಡೆ, ಮುಯ್ಯಿ ಒಪ್ಕೊಂಡು ಹೋಗದೇ ಇದ್ದೋರ ಮನೆಗೆ ಹೆಣ ಎತ್ತೋಕೂ ಜನ ಬರಲ್ಲ."

ಅಷ್ಟು ಹೇಳಿ ಪಂಚೆ ಎತ್ತಿ ಕಟ್ಟಿ ದಿಣ್ಣೆ ಇಳಿದೇಬಿಟ್ಟ. ರಾಜ ಹೊರಟ ಮೇಲೆ ಸೈನಿಕರು ಅಭ್ಯಾಸಬಲದಿಂದ ಹಿಂದೆ ಹೊರಟರು. ಸುನೀತಾ ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು. ದೋಸೆ ಕುಟುಂಬದ ಗಂಡ ಹೆಂಡತಿ, ಅಜ್ಜಿ, ಮಕ್ಕಳು, ಕ್ಯಾಮೆರಾದವನು, ಪೇಟದ ಕಾವಲುಗಾರರು. ನಂಜುಂಡೇಶ ಎರಡೂ ಫೋನು ಜೇಬಿಗೆ ಹಾಕಿಕೊಂಡದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ನಾಲೆ ಏರಿಯ ಮೇಲೆ ಕತ್ತಿ ಗುರಾಣಿಗಳ ಮೆರವಣಿಗೆ ಹೋಗುವುದನ್ನು ನೋಡಿದ ನಂಜನಗೂಡಿನ ಬಸ್ಸೊಂದು ತಾನಾಗಿ ನಿಂತಿತು.

ಪಲಾವಿನ ಸಾಲಿನಲ್ಲಿ ರಾಚಮ್ಮ ತಟ್ಟೆ ಹಿಡಿದು ನಿಂತಿದ್ದವಳು, "ರಾಜ್ನೇ ಓಯ್ತಾವ್ನಲ್ರೇ," ಅಂದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಗಳು ಕೆಳಗಿಳಿದವು. ಸೀರೆಗಳು ಮೊಣಕಾಲಿಗೆ ಏರಿದವು. ಅವರು ಅಡ್ಡದಾರಿ ಹಿಡಿದು, ರಾಜನಿಗಿಂತ ಮೊದಲೇ ಗದ್ದೆ ತಲುಪಿದರು.

ದೊಡ್ಡವ್ವ ಎದ್ದು ನಿಂತಳು. ಯಾಕೆ ತಡ ಅಂತ ಒಬ್ಬರನ್ನೂ ಕೇಳಲಿಲ್ಲ. ಪೈರಿನ ಕಟ್ಟೊಂದನ್ನು ಎತ್ತಿಕೊಂಡು ಅದರ ಗಂಟು ಬಿಚ್ಚಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಆ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಇತ್ತ ತಿರುಗಿ, ಸಿನಿಮಾದವರೊಬ್ಬರ ಪಕ್ಕ ಕೇರಿಯ ಹೆಂಗಸೊಬ್ಬಳು ಬರುವ ಹಾಗೆ ಸಾಲು ನಿಲ್ಲಿಸಿದಳು.

ರಾಜನ ಕೈ ಚುರುಕು. ಬೀಜದ ಅಂಗಡಿಯವನಾದರೂ ಚಿಕ್ಕಂದಿನಲ್ಲಿ ಗದ್ದೆಯಲ್ಲೇ ಬೆಳೆದವನು. ಬಗ್ಗಿದ್ದಕ್ಕೆ ಅಂಟಿಸಿದ ಮೀಸೆಯ ಒಂದು ಕಡೆ ಬಿಟ್ಟು ಕೆಸರಿಗೆ ಬಿತ್ತು. ಹುಡುಕಬೇಡ, ಅಲ್ಲೂ ಒಂದು ತೆಂಡೆ ಒಡೀಲಿ ಅಂದಳು ರಾಚಮ್ಮ. ಸುನೀತಾ ಎರಡು ಸಲ ಕೂತುಬಿಟ್ಟರು. ನಂಜುಂಡೇಶ ಪೈರನ್ನು ನೆಡುತ್ತಿದ್ದಾನೋ ಹೂಳುತ್ತಿದ್ದಾನೋ ಗೊತ್ತಾಗದೆ ಅವನಿಗೆ ಕಟ್ಟು ಎಸೆಯುವ ಕೆಲಸ ಕೊಟ್ಟರು. ಎಲ್ಲರಿಗಿಂತ ಕೆಟ್ಟ ಸಾಲು ಯಾರದು ಅಂತ ಸಂಜೆ ನೋಡಿದಾಗ, ಅದು ಇದೇ ಊರಿನಲ್ಲಿ ಹುಟ್ಟಿದ, ರಕ್ತದಲ್ಲೇ ಶೌರ್ಯವಿರುವ ಪಾಳೇಗಾರನದು. ಹಾವು ಹರಿದ ಹಾಗಿತ್ತು. ದೊಡ್ಡವ್ವ ಅದನ್ನು ಕಿತ್ತು ಮತ್ತೆ ನೆಟ್ಟಳು.

ನಾಟಿ ಹಾಕುವವರು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗಬೇಕು. ಸುನೀತಾ ಸೊಂಟ ಹಿಡಿದುಕೊಂಡು, ನಮ್ಮ ಸಿನಿಮಾದ ಥರವೇ ಇದೂ ಹಿಂದೆ ಹಿಂದೆ ಹೋಗುವುದು ಅಂದರು. ದೊಡ್ಡವ್ವ ಬಗ್ಗಿದಲ್ಲಿಂದಲೇ, "ಇಂದುಕ್ ಓದ್ರೂ ಕಣ್ಣು ಮುಂದ್ಲ ಪೈರಿನ್ ಮ್ಯಾಲೇ ಇರ್ಬೇಕು ಕಣವ್ವ," ಅಂದಳು. ಸುನೀತಾ ಮತ್ತೆ ಬಗ್ಗಿದರು.

ಹೊತ್ತು ಮುಳುಗುವುದರೊಳಗೆ ಗದ್ದೆ ಹಸಿರಾಯಿತು. ಬದುವಿನ ಮೇಲೆ ಕೂತು ಎಲ್ಲ ಮುದ್ದೆ ಉಂಡರು. ಸಿನಿಮಾದ ಮಗು ಮುದ್ದೆಯನ್ನು ಅಗಿಯಲು ಹೋಗಿ ಬೈಸಿಕೊಂಡಿತು. ರಾಚಮ್ಮ ಯಾವತ್ತಿಗಿಂತ ದೂರ ಕೂತಿದ್ದಳು. ದೊಡ್ಡವ್ವ ಹೋಗಿ ಅವಳ ತಟ್ಟೆಗೆ ಎರಡು ಸೌಟು ಸಾರು ಹೆಚ್ಚಾಗಿ ಬಿಟ್ಟು, ಮೆಣಸಿನಕಾಯಿ ಆಕಿವ್ನಿ, ಉಣ್ಣು ಅಂದಳು. ಅದಾದ ಮೇಲೆ ಅವರಿಬ್ಬರ ನಡುವೆ ಆ ವಿಷಯ ಬರಲೇ ಇಲ್ಲ.

ಸಿನಿಮಾ ಬಿಡುಗಡೆಯಾಗುವಷ್ಟರಲ್ಲಿ ಭತ್ತ ಕುಯ್ದು, ಬಡಿದು, ಮಿಲ್ಲಿಗೆ ಹಾಕಿಸಿಯಾಗಿತ್ತು. ನಂಜನಗೂಡಿನ ಥಿಯೇಟರಿಗೆ ಊರಿಗೆ ಊರೇ ಹೋಯಿತು. ಸುನೀತಾ, ನಂಜುಂಡೇಶ, ಮಹಾದೇವಸ್ವಾಮಿ ಎಲ್ಲ ಬಂದಿದ್ದರು. ದೊಡ್ಡವ್ವ ಹೊಸ ಅಕ್ಕಿಯ ಚೀಲ ತಂದಿದ್ದಳು. ತಾನು ಹೋದದ್ದಕ್ಕಿಂತ ಅವರು ಬಂದ ಆಳು ಹೆಚ್ಚಾಯಿತು, ಅದಕ್ಕೆ ಅಂದಳು. ಪರದೆಯ ಮೇಲೆ ಅವಳು ನೀರು ಕುಡಿಸಿ '... ಊಟ ಆಯ್ತಾ?' ಅಂದಾಗ ಥಿಯೇಟರು ಬಿದ್ದು ಬಿದ್ದು ನಕ್ಕಿತು, ಹಿಂದಿನಿಂದ ಯಾರೋ 'ಆಯ್ತು ಕಣವ್ವ' ಅಂತ ಉತ್ತರವನ್ನೂ ಕೊಟ್ಟರು. ನನ್ನ ಪಾತ್ರ ಎಡಿಟಿಂಗಿನಲ್ಲಿ ವೀರಮರಣ ಹೊಂದಿತ್ತು. ಒಂದು ಕಡೆ ನನ್ನ ಬರ್ಜಿಯ ತುದಿ ಕಾಣಿಸುತ್ತದೆ. ನಾನೇ ಪಕ್ಕದವರಿಗೆಲ್ಲ ತೋರಿಸಿದೆ.

ಆಟ ಬಿಟ್ಟ ಮೇಲೆ ಥಿಯೇಟರಿನ ಮುಂದೆ ಯಾವುದೋ ಯೂಟ್ಯೂಬ್ ಚಾನೆಲ್ಲಿನ ಹುಡುಗನೊಬ್ಬ ಮೈಕು ಹಿಡಿದು ದೊಡ್ಡವ್ವನನ್ನು ನಿಲ್ಲಿಸಿದ. ಎಲ್ಲರೂ ಸುತ್ತ ನಿಂತೆವು. ಸಿನಿಮಾ ಹೇಗಿತ್ತು, ಖುಷಿಯಾಯಿತಾ, ಅಂತೆಲ್ಲ ಕೇಳಿದ ಮೇಲೆ ಅವನು ದನಿ ಮೆತ್ತಗೆ ಮಾಡಿಕೊಂಡು, "ಅಮ್ಮಾ, ಈಗಿನ ಕಾಲ ಕೆಟ್ಟೋಯ್ತು, ಆಗಿನ ಹಳ್ಳಿ ಸ್ವರ್ಗದ ಥರ ಇತ್ತು ಅಲ್ವಾ. ಆ ಗ್ರೈಂಡರು ನಿಜವಾಗಿ ಸಿಕ್ಕಿದ್ರೆ ನೀವು ಆ ಕಾಲಕ್ಕೆ ವಾಪಸ್ ಹೋಗ್ತಿದ್ರಾ?" ಅಂದ.

ಹಿಂದೆ ನಿಂತಿದ್ದ ನಂಜುಂಡೇಶ, ಹೂಂ ಅನ್ನಿ, ಹೂಂ ಅನ್ನಿ ಅಂತ ತಲೆಯಾಡಿಸುತ್ತಿದ್ದ. ಸುನೀತಾ ಯಾಕೋ ನೆಲ ನೋಡಿದರು. ದೊಡ್ಡವ್ವ ಮೈಕನ್ನು ಒಂದು ಸಲ, ಪೋಸ್ಟರಿನಲ್ಲಿದ್ದ ಕೋಟೆಯನ್ನು ಒಂದು ಸಲ, ಪ್ಯಾಂಟು ಶರಟಿನಲ್ಲಿ ಅಕ್ಕಿಚೀಲ ಹೊತ್ತು ನಿಂತಿದ್ದ ರಾಜನನ್ನು ಒಂದು ಸಲ ನೋಡಿದಳು.

"ನಾನ್ಯಾಕ್ ಓಗ್ಲಪ್ಪ? ಆ ಕಾಲ್ದಲ್ಲಿ ಆ ಬಾವಿ ಕಟ್ಟೆ ಮುಟ್ಟಕ್ಕೂ ಬುಡ್ತಿರ್ನಿಲ್ಲ ನಮ್ಮನ್ನ. ರಾಜನ ಗದ್ದೇಲಿ ಬಿಟ್ಟಿ ಗೇಯ್ಬೇಕಿತ್ತು. ಈಗ ಗದ್ದೆ ನಂದು, ರಾಜ್ನೇ ಬಂದು ನಾಟಿ ಆಕವ್ನೆ. ಓಗದಾದ್ರೆ ನೀನೋಗು."